ಓರೆ ಮುಖಕ್ಕೆ ಶಸ್ತ್ರಚಿಕಿತ್ಸೆ ಬೇಕೇ?

ವಿವಾಹದ ಮಾತುಕತೆಗೆಂದು ತೆಗೆಸಿದ ಭಾವಚಿತ್ರವನ್ನು ನೋಡಿ, ಮಗಳ ಮುಖ ಒಂದು ಪಕ್ಕಕ್ಕೆ ಓರೆಯಾಗಿದೆಯೆಂದು ಕಳವಳಗೊಳ್ಳುವ ತಾಯಂದಿರು ನಮ್ಮ ಧರ್ಮಕೇಂದ್ರಗಳಲ್ಲಿ ವಿರಳರಲ್ಲ. ಸಾಲ ಮಾಡಿಯಾದರೂ ಶಸ್ತ್ರಚಿಕಿತ್ಸೆ ಮಾಡಿಸೋಣವೆನ್ನುವವರು ಕೆಲವರು. ದೇವರು ಕೊಟ್ಟ ಮುಖಕ್ಕೆ ಕತ್ತಿ ಹಾಕಿಸುವುದು ಪಾಪವೆನ್ನುವವರು ಇನ್ನು ಕೆಲವರು. ಇಬ್ಬರೂ ಕೊಂಚ ತಾಳುವುದೊಳಿತು.

ಹಾಸನದ ಸಮೀಪ ಕೊರವಂಗಲದಲ್ಲಿ 1173ರಲ್ಲಿ ಕಟ್ಟಿದ ಬೂಚೇಶ್ವರ ದೇವಾಲಯವಿದೆ. ಎರಡು ಗರ್ಭಗುಡಿಗಳನ್ನು ಎದುರುಬದುರಾಗಿ ನಿಲ್ಲಿಸಿದ ಹೊಯ್ಸಳರ ಶಿಲ್ಪಿಗಳಿಗೆ ಕಲ್ಲನ್ನು ಅಳೆದು ಸಮಗೊಳಿಸುವುದು ಸಾಧ್ಯವಿತ್ತು. ಮನುಷ್ಯನ ಮುಖ ಹಾಗಲ್ಲ. ಒಂದು ಹುಬ್ಬು ತುಸು ಮೇಲೆ, ಒಂದು ಕೆನ್ನೆ ತುಸು ತುಂಬಿರುವುದು ಎಲ್ಲರಲ್ಲೂ ಉಂಟು. ಕನ್ನಡಿಯಲ್ಲಿ ನಾವು ಕಾಣುವುದು ಎಡಬಲ ಅದಲುಬದಲಾದ ಮುಖ. ಭಾವಚಿತ್ರದಲ್ಲಿ ಅದು ನೇರವಾಗುವುದರಿಂದಲೇ ಅಪರಿಚಿತವೆನಿಸುತ್ತದೆ. ಮೊಬೈಲ್ ಫೋನನ್ನು ಹತ್ತಿರ ಹಿಡಿದು ತೆಗೆದರಂತೂ ಮೂಗು ದೊಡ್ಡದಾಗಿ ಕಾಣುವುದು. ಇದಾವುದೂ ರೋಗವಲ್ಲ.

ಕೇಳಬೇಕಾದ ಮೊದಲ ಪ್ರಶ್ನೆ, ಈ ಓರೆ ಎಂದಿನಿಂದ ಎಂಬುದು. ನಿನ್ನೆ ಇಲ್ಲದ್ದು ಇಂದು ಬೆಳಿಗ್ಗೆ ಕಂಡರೆ, ಬಾಯಿ ವಾರೆಯಾಗಿ ಕಣ್ಣು ಮುಚ್ಚದಿದ್ದರೆ, ಗಾಳಿ ಸೋಕಿತೆಂದು ಮನೆಮದ್ದು ಮಾಡುತ್ತ ಕೂಡಬಾರದು. ಅದು ಪಾರ್ಶ್ವವಾಯುವಿನ ಆರಂಭವಿರಬಹುದು. ಕೈಕಾಲು ಸೋತು ಮಾತು ತೊದಲಿದರೆ ಒಂದು ಗಳಿಗೆಯೂ ತಡಮಾಡುವಂತಿಲ್ಲ. ಮುಖದ ನರ ಮಾತ್ರ ಸೋತ ಬೆಲ್ಸ್ ಪಾಲ್ಸಿಯಾದರೂ 3 ದಿನಗಳೊಳಗೆ ಔಷಧಿ ಆರಂಭಿಸುವುದು ಮುಖ್ಯ. ಹೆಚ್ಚಿನವರು ಶಸ್ತ್ರಚಿಕಿತ್ಸೆಯಿಲ್ಲದೆಯೇ ಗುಣಹೊಂದುತ್ತಾರೆ.

ಮಕ್ಕಳ ವಿಷಯದಲ್ಲಿ ನಾವು ಹೆಚ್ಚು ಎಚ್ಚರದಿಂದಿರಬೇಕು. ಆಟವಾಡುತ್ತ ಬಿದ್ದು ಗದ್ದಕ್ಕೆ ಪೆಟ್ಟಾದ ಮಗುವಿನ ಗಾಯ ವಾರದಲ್ಲಿ ಮಾಯುತ್ತದೆ, ಮನೆಯವರು ಮರೆಯುತ್ತಾರೆ. ಆದರೆ ಕಿವಿಯ ಮುಂದಿನ ದವಡೆಯ ಕೀಲು ಒಳಗೇ ಒಡೆದು ಬೆಸೆದುಕೊಂಡಿದ್ದರೆ ಬಾಯಿ ವರ್ಷದಿಂದ ವರ್ಷಕ್ಕೆ ಕಡಿಮೆ ತೆರೆಯುತ್ತ ಹೋಗುತ್ತದೆ. ಪೆಟ್ಟಾದ ಪಕ್ಕದ ದವಡೆ ಬೆಳೆಯದೆ ಗದ್ದ ಆ ಕಡೆಗೆ ವಾಲುತ್ತದೆ. ಊಟ, ಹಲ್ಲುಗಳ ಶುಚಿ, ಕೆಲವೊಮ್ಮೆ ನಿದ್ರೆಯಲ್ಲಿನ ಉಸಿರಾಟ, ಎಲ್ಲಕ್ಕೂ ತೊಡಕು. ಇಂತಹ ಮಗುವಿಗೆ ಶಸ್ತ್ರಚಿಕಿತ್ಸೆ ಅಲಂಕಾರವಲ್ಲ, ಅಗತ್ಯ. ಸೀಳುತುಟಿಯೂ ಹಾಗೆಯೇ, ಅದನ್ನು ಸಾಮಾನ್ಯವಾಗಿ ಮಗುವಿನ ಮೊದಲ ವರ್ಷದಲ್ಲೇ ಹೊಲಿಯುತ್ತಾರೆ.

ಹುಟ್ಟಿನಿಂದಲೇ ಬಂದ ಅಲ್ಪ ಓರೆಯಾಗಿದ್ದು, ಅಗಿಯಲು, ಮಾತಾಡಲು ತೊಂದರೆಯಿಲ್ಲದಿದ್ದರೆ ಅವಸರವಿಲ್ಲ. ಮೂಳೆಯ ಬೆಳವಣಿಗೆ ನಿಲ್ಲುವ ಮುನ್ನ ದವಡೆಯನ್ನು ಸರಿಪಡಿಸಿದರೆ ಮತ್ತೆ ಓರೆಯಾಗುವ ಸಂಭವವುಂಟು. ಹಲ್ಲಿಗೆ ತಂತಿ ಕಟ್ಟಿಸುವ ಕಾಲವನ್ನೂ ಸೇರಿಸಿದರೆ ಇದು ವರ್ಷಗಟ್ಟಲೆಯ ಚಿಕಿತ್ಸೆ. ತುಟಿ, ಗದ್ದ ಮರಗಟ್ಟುವ ಅಪಾಯವೂ ಇದೆ. ಕೇವಲ ಅಂದಕ್ಕಾಗಿ ಮಾಡಿಸಿಕೊಂಡರೆ ಆರೋಗ್ಯ ವಿಮೆ ಸಾಮಾನ್ಯವಾಗಿ ಹಣ ಕೊಡದು.

ಇನ್ನು ಪಾಪದ ಮಾತು. ಜಗದ್ಗುರು ಹನ್ನೆರಡನೆಯ ಪಿಯೂಸ್ ಅವರು 1958ರ ಅಕ್ಟೋಬರ್ 4ರಂದು, ತಮ್ಮ ಮರಣಕ್ಕೆ 5 ದಿನ ಮುಂಚೆ, ಇಟಲಿಯ ಶಸ್ತ್ರವೈದ್ಯರಿಗೆ ಇದೇ ವಿಷಯವಾಗಿ ಉಪದೇಶಿಸಿದ್ದರು. ರೂಪವನ್ನು ತಿದ್ದಿಸಿಕೊಳ್ಳುವುದು ತನ್ನಷ್ಟಕ್ಕೇ ಪಾಪವಲ್ಲ. ಉದ್ದೇಶ ಶುದ್ಧವಾಗಿರಬೇಕು, ಆಗುವ ಪ್ರಯೋಜನಕ್ಕೆ ಅಪಾಯವು ಮೀರಿರಬಾರದು ಎಂಬುದು ಅವರ ನಿಲುವಿನ ಸಾರ. ಚಿಕ್ಕಂದಿನಿಂದ ಅಪಹಾಸ್ಯಕ್ಕೆ ಗುರಿಯಾಗಿ ಬಲಿಪೂಜೆಗೂ ಬಾರದೆ ಮನೆಯಲ್ಲೇ ಅಡಗುವ ಯುವತಿಯ ನೋವನ್ನು ಡಂಭವೆನ್ನಲು ನಮಗೆ ಮನಸ್ಸಾಗದು. ಆದರೆ ನಿರ್ಧಾರ ಅವಳದಾಗಿರಲಿ, ನೋಡಲು ಬಂದ ಬೀಗರದಲ್ಲ.

ಕೊರವಂಗಲದ ಸುತ್ತಿನವರಿಗೆ ಮೊದಲ ಸಲಹೆ ಹಾಸನದಲ್ಲೇ ದೊರೆಯುತ್ತದೆ. ಅಲ್ಲಿನ ಹಾಸನಾಂಬ ದಂತ ಮಹಾವಿದ್ಯಾಲಯದಲ್ಲಿ ದವಡೆಯನ್ನೂ ಹಲ್ಲಿನ ಕಚ್ಚುವಿಕೆಯನ್ನೂ ಪರೀಕ್ಷಿಸಿಕೊಳ್ಳಬಹುದು. ಬೆಂಗಳೂರಿನ ಸಂತ ಜಾನರ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗುವುದು ಆಮೇಲಿನ ಮಾತು. ಹೋಗುವಾಗ ಮಗುವಿನ ಹಳೆಯ ಭಾವಚಿತ್ರಗಳನ್ನು, ಜ್ಞಾನಸ್ನಾನದ್ದು, ಮೊದಲ ಪರಮಪ್ರಸಾದದ್ದು, ಜೊತೆಗೊಯ್ಯಿರಿ. ಓರೆ ಎಂದು ಆರಂಭವಾಯಿತು, ಇನ್ನೂ ಹೆಚ್ಚುತ್ತಿದೆಯೇ ಎಂಬುದನ್ನು ವೈದ್ಯರು ಅವುಗಳಿಂದ ಅರಿಯಬಲ್ಲರು.