ಮನೆಯ ಹವಳದ ತೊಟ್ಟಿಯಲ್ಲಿ ಸಮುದ್ರ ಅನಿಮೋನ್

ಸಮುದ್ರ ಅನಿಮೋನ್ ಹೂವಿನಂತೆ ಅರಳಿ, ಬಂಡೆಗೆ ಅಂಟಿಕೊಂಡೇ ಬಾಳುವುದರಿಂದ ಮೊದಲ ನೋಟಕ್ಕೆ ಗಿಡವೆಂದು ತೋರಿದರೂ, ಅದು ಹವಳ ಮತ್ತು ಅಂಬಲಿಮೀನುಗಳೊಂದಿಗೆ ಕುಟುಕುಕಣವಂತಗಳ ವಂಶಕ್ಕೆ ಸೇರಿದ ಮಾಂಸಾಹಾರಿ ಪ್ರಾಣಿ. ಅದರ ದೇಹ ಟೊಳ್ಳಾದ ಒಂದು ಕಂಬ. ಕಂಬದ ತಳದಲ್ಲಿ ಬಂಡೆಯನ್ನು ಹಿಡಿಯುವ ಪಾದಫಲಕ, ಮೇಲ್ತುದಿಯಲ್ಲಿ ಅಗಲವಾದ ಮುಖಫಲಕ, ಅದರ ನಡುವೆ ಬಾಯಿ, ಸುತ್ತಲೂ ಕರಬಳ್ಳಿಗಳು. ಆಹಾರ ಒಳಹೋಗುವುದೂ ತ್ಯಾಜ್ಯ ಹೊರಬರುವುದೂ ಆ ಒಂದೇ ಬಾಯಿಯಿಂದ. ಕರಬಳ್ಳಿಗಳ ಮೈತುಂಬ ಕುಟುಕುಕಣಗಳಿವೆ. ಪ್ರತಿಯೊಂದು ಕಣದೊಳಗಿನ ಪುಟ್ಟ ಕೋಶದಲ್ಲಿ ಸುರುಳಿ ಸುತ್ತಿದ ಟೊಳ್ಳು ದಾರವೊಂದಿದ್ದು, ಬೇಟೆ ಸೋಕಿದ ಕೂಡಲೆ ಅದು ಹೊರಚಿಮ್ಮಿ ವಿಷವನ್ನು ಚುಚ್ಚುತ್ತದೆ. ಹವಳಕ್ಕಿರುವಂಥ ಸುಣ್ಣದ ಗೂಡು ಇದಕ್ಕಿಲ್ಲ, ಮೆದುಳಿಲ್ಲ, ರಕ್ತವಿಲ್ಲ. ಒಳಗೆ ತುಂಬಿಕೊಂಡ ನೀರಿನ ಒತ್ತಡವೇ ಅದನ್ನು ನೆಟ್ಟಗೆ ನಿಲ್ಲಿಸುತ್ತದೆ. ಅನಿಮೋನ್ ಸಾಕಣೆಯಲ್ಲಿ ಎದುರಾಗುವ ಕಷ್ಟಗಳಲ್ಲಿ ಬಹುಪಾಲು ಈ ರಚನೆಯಿಂದಲೇ ಹುಟ್ಟುತ್ತವೆ.

ಉಷ್ಣವಲಯದ ಹವಳದ ದಿಬ್ಬಗಳಿಂದ ಬರುವ, ಕ್ಲೌನ್ ಮೀನುಗಳಿಗೆ ಆಶ್ರಯ ಕೊಡುವ ಅನಿಮೋನ್‌ಗಳ ಅಂಗಾಂಶದೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕಂದುಬಣ್ಣದ ಏಕಕೋಶ ಶೈವಲಗಳು ವಾಸವಾಗಿರುತ್ತವೆ. ಇವು ಬೆಳಕನ್ನು ಹೀರಿ ದ್ಯುತಿಸಂಶ್ಲೇಷಣೆಯಿಂದ ತಯಾರಿಸಿದ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಅನಿಮೋನಿಗೆ ಬಿಟ್ಟುಕೊಡುತ್ತವೆ. ಅನಿಮೋನ್ ತನ್ನ ಮೈಯಲ್ಲಿ ಉಳಿಯುವ ಇಂಗಾಲದ ಡೈಆಕ್ಸೈಡ್ ಮತ್ತು ಸಾರಜನಕದ ತ್ಯಾಜ್ಯಗಳನ್ನು ಅವಕ್ಕೆ ಒದಗಿಸುತ್ತದೆ. ಆದ್ದರಿಂದ ತೊಟ್ಟಿಯ ಮೇಲಿನ ದೀಪ ಅನಿಮೋನಿನ ಪಾಲಿಗೆ ಅಲಂಕಾರವಲ್ಲ, ಆಹಾರ. ನೀಲಿ ಮತ್ತು ಬಿಳಿ ಎಲ್‌ಇಡಿಗಳನ್ನು ಒಟ್ಟಾಗಿ ಅಳವಡಿಸಿದ, ಹವಳಗಳಿಗೆಂದೇ ರೂಪಿಸಿದ ದೀಪವನ್ನು ದಿನಕ್ಕೆ ಎಂಟು ಹತ್ತು ಗಂಟೆ ಉರಿಸಬೇಕಾಗುತ್ತದೆ. ಸಿಹಿನೀರಿನ ಮೀನಿನ ತೊಟ್ಟಿಗೆ ಹಾಕುವ ಸಾಮಾನ್ಯ ದೀಪದಡಿಯಲ್ಲಿ ಅನಿಮೋನ್ ವಾರಗಟ್ಟಲೆ ಬದುಕಿರುವಂತೆ ಕಂಡರೂ ದಿನದಿಂದ ದಿನಕ್ಕೆ ಕುಗ್ಗುತ್ತ ಹೋಗುತ್ತದೆ.

ಸಾಗಣೆಯ ಆಘಾತಕ್ಕೋ ಹೆಚ್ಚಿದ ಬಿಸಿಗೋ ಸಿಕ್ಕಿದ ಅನಿಮೋನ್ ತನ್ನ ಶೈವಲಗಳನ್ನು ಹೊರದಬ್ಬುತ್ತದೆ. ಇದನ್ನೇ ಬಿಳಿಚುವಿಕೆ ಎನ್ನುತ್ತಾರೆ. ಅಕ್ವೇರಿಯಂ ಅಂಗಡಿಯಲ್ಲಿ ಹಾಲಿನಂತೆ ಬೆಳ್ಳಗಿದ್ದು ಕರಬಳ್ಳಿಯ ತುದಿಯಲ್ಲಿ ಮಾತ್ರ ನೇರಳೆ ಉಳಿಸಿಕೊಂಡ ಅನಿಮೋನ್ ಕೊಳ್ಳುವವರ ಕಣ್ಣಿಗೆ ಎಲ್ಲಕ್ಕಿಂತ ಚೆಲುವಾಗಿ ಕಾಣಿಸುವುದು ದುಃಖದ ಸಂಗತಿ, ಏಕೆಂದರೆ ಅದು ಹಸಿದಿರುವ ಪ್ರಾಣಿ. ಕಣ್ಣು ಕುಕ್ಕುವ ಹಳದಿಯ ಅನಿಮೋನ್‌ಗಳಲ್ಲಿ ಹಲವು ಹೀಗೆ ಬಿಳಿಚಿದ ಮೇಲೆ ಬಣ್ಣದ ನೀರಿನಲ್ಲಿ ಅದ್ದಿ ಮಾರಾಟಕ್ಕೆ ಇಟ್ಟಂಥವು. ಆರೋಗ್ಯದ ಬಣ್ಣದ ತಳದಲ್ಲಿ ಸಾಮಾನ್ಯವಾಗಿ ಕಂದಿನ ಛಾಯೆ ಇದ್ದೇ ಇರುತ್ತದೆ. ಹಸಿರು, ಗುಲಾಬಿ, ಕೆಂಪುಗಳು ಅದರ ಮೇಲೆ ಕೂಡಿಕೊಳ್ಳುವ ವರ್ಣದ್ರವ್ಯಗಳು.

ಬೆಳಕಿನಷ್ಟೇ ಮುಖ್ಯವಾದದ್ದು ನೀರಿನ ಸ್ಥಿರತೆ. ಸುತ್ತಲಿನ ನೀರಿನ ಉಪ್ಪು ಏರಿಳಿದಂತೆ ಅನಿಮೋನಿನ ದೇಹದೊಳಗಿನ ಉಪ್ಪೂ ಏರಿಳಿಯುತ್ತದೆ, ಅದನ್ನು ಬೇರೆಯಾಗಿ ಹತೋಟಿಯಲ್ಲಿಡಬಲ್ಲ ಅಂಗ ಅದಕ್ಕಿಲ್ಲ. ಲವಣಾಂಶ ಸಾವಿರಕ್ಕೆ 35ರ ಆಸುಪಾಸಿನಲ್ಲಿ, ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಎಚ್ 8.1ರಿಂದ 8.4ರ ನಡುವೆ ಇರಬೇಕು ಎನ್ನುವುದು ಪರಿಚಿತ ಸೂತ್ರ. ಆದರೆ ಅಂಕಿ ಸರಿಯಿರುವುದಕ್ಕಿಂತಲೂ ಅದು ಇಂದಿನಿಂದ ನಾಳೆಗೆ ಜಿಗಿಯದಿರುವುದು ಹೆಚ್ಚು ಮುಖ್ಯ. ತೊಟ್ಟಿಯಿಂದ ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಹಾಗಾಗಿ ಆರಿದ ನೀರಿನ ಜಾಗವನ್ನು ಉಪ್ಪುನೀರಿನಿಂದಲ್ಲ, ಶುದ್ಧ ಸಿಹಿನೀರಿನಿಂದ ದಿನವೂ ತುಂಬಬೇಕು. ಬೆಂಗಳೂರಿನಂಥ ಒಳನಾಡಿನ ಊರಿನಲ್ಲಿ ಬೋರ್‌ವೆಲ್ಲಿನ ಗಡಸು ನೀರನ್ನು ಆರ್‌ಓ ಯಂತ್ರದಲ್ಲಿ ಸೋಸಿ, ಅದಕ್ಕೆ ಅಕ್ವೇರಿಯಂಗೆಂದೇ ಮಾರುವ ಸಮುದ್ರಲವಣದ ಪುಡಿಯನ್ನು ಬೆರೆಸಿ ಕಡಲನೀರನ್ನು ಮಾಡಿಕೊಳ್ಳಬೇಕಾಗುತ್ತದೆ; ಅಡುಗೆಯ ಉಪ್ಪು ಇದಕ್ಕೆ ಆಗದು. ಕರಾವಳಿಯ ಮನೆಗಳಲ್ಲಾದರೆ ಬೇಸಿಗೆಯ ಸೆಕೆ ದೊಡ್ಡ ಶತ್ರು, ಚಿಲ್ಲರ್ ಇಲ್ಲದೆ ಅಲ್ಲಿ ತೊಟ್ಟಿಯ ನೀರು ತಣ್ಣಗಿರದು. ಮೀನಿನ ರೋಗಕ್ಕೆ ಹಾಕುವ ತಾಮ್ರದ ಔಷಧವಂತೂ ಅನಿಮೋನಿಗೆ ನಂಜು.

ಹೊಸ ತೊಟ್ಟಿಯಲ್ಲಿ ಮೀನಿನ ತ್ಯಾಜ್ಯದಿಂದ ಅಮೋನಿಯಾ ಹುಟ್ಟುತ್ತದೆ; ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ ಇನ್ನೊಂದು ಬಗೆಯದು ನೈಟ್ರೈಟನ್ನು ಅಷ್ಟೇನೂ ಅಪಾಯಕರವಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಜೀವಿಗಳು ಕಲ್ಲು ಮರಳುಗಳಲ್ಲಿ ನೆಲೆಯೂರಲು ಕೆಲವು ವಾರಗಳು ಸಾಕಾದರೂ, ತೊಟ್ಟಿ ನಿಜವಾಗಿ ಪಕ್ವವಾಗಲು ಕನಿಷ್ಠ ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷ ಬೇಕು. ಈ ಕಾಯುವಿಕೆಯನ್ನು ತಪ್ಪಿಸುವ ಯಂತ್ರವಾಗಲಿ ಔಷಧವಾಗಲಿ ಇಲ್ಲ. ಆತುರಪಟ್ಟು ಮೊದಲ ತಿಂಗಳಲ್ಲೇ ಅನಿಮೋನ್ ತರುವುದು ಈ ಹವ್ಯಾಸದಲ್ಲಿ ಅತಿ ಸಾಮಾನ್ಯವಾದ, ಅತಿ ಕ್ರೂರವಾದ ತಪ್ಪು.

ಕ್ರೂರ ಎನ್ನುವುದಕ್ಕೆ ಕಾರಣ ಈ ಪ್ರಾಣಿಯ ಆಯಸ್ಸು. 1828ರಲ್ಲಿ ಸ್ಕಾಟ್ಲೆಂಡಿನ ನಾರ್ತ್ ಬರ್ವಿಕ್ ಕಡಲತೀರದಲ್ಲಿ ನಿಸರ್ಗತಜ್ಞ ಸರ್ ಜಾನ್ ಡಾಲ್ಯೆಲ್ ಒಂದು ಸಾಮಾನ್ಯ ಕೆಂಪು ಅನಿಮೋನನ್ನು ಬಂಡೆಯಿಂದ ಬಿಡಿಸಿ ತಂದು ಗಾಜಿನ ಜಾಡಿಯಲ್ಲಿಟ್ಟು ಸಾಕಿದರು. 1851ರಲ್ಲಿ ಅವರು ತೀರಿಕೊಂಡ ನಂತರ ಅದು ಒಬ್ಬರಿಂದ ಒಬ್ಬರಿಗೆ ದಾಟುತ್ತ, ನೂರಾರು ಮರಿಗಳನ್ನು ಹಡೆದು, 'ಗ್ರಾನಿ' ಎಂದರೆ ಅಜ್ಜಿ ಎಂಬ ಹೆಸರು ಗಳಿಸಿ, 1887ರವರೆಗೆ ಎಡಿನ್‌ಬರೋದಲ್ಲಿ ಬದುಕಿತ್ತು. ಜಾಡಿಯಲ್ಲಿ ಕಳೆದದ್ದೇ 59 ವರ್ಷ. ಅದು ತಣ್ಣೀರಿನ, ಶೈವಲಗಳಿಲ್ಲದ, ಭರತ ಇಳಿತಗಳಿಗೆ ಒಗ್ಗಿದ ಗಟ್ಟಿ ಜಾತಿ ಎಂಬುದು ನಿಜ. ಉಷ್ಣವಲಯದ ಅನಿಮೋನಿಗೆ ಅಷ್ಟು ಸರಳ ಏರ್ಪಾಡು ಸಾಲದು. ಆದರೆ ಸಾಕುವವರನ್ನೂ ಮೀರಿ ಬದುಕಬಲ್ಲ ಜೀವ ಇದು ಎಂಬುದಕ್ಕೆ ಆ ಜಾಡಿಯೇ ಸಾಕ್ಷಿ. ಅಂಥ ಪ್ರಾಣಿ ಮನೆಯ ತೊಟ್ಟಿಯಲ್ಲಿ ಮೂರು ತಿಂಗಳಿಗೆ ಸತ್ತರೆ ಅದನ್ನು ಸಹಜ ಮರಣವೆಂದು ಕರೆಯಲಾಗದು.

ಸಾವಿರಕ್ಕೂ ಹೆಚ್ಚು ಜಾತಿಯ ಅನಿಮೋನ್‌ಗಳಲ್ಲಿ ಕ್ಲೌನ್ ಮೀನುಗಳಿಗೆ ಮನೆಯಾಗುವವು ಹತ್ತು ಮಾತ್ರ ಎಂದು ಡಾಫ್ನಿ ಫಾಟಿನ್ ಮತ್ತು ಜೆರಾಲ್ಡ್ ಅಲೆನ್ 1992ರ ತಮ್ಮ ಕೈಪಿಡಿಯಲ್ಲಿ ಗುರುತಿಸಿದ್ದಾರೆ. ಈ ಹತ್ತರಲ್ಲಿ ಮನೆಯ ತೊಟ್ಟಿಗೆ ಎಲ್ಲಕ್ಕಿಂತ ಚೆನ್ನಾಗಿ ಒಗ್ಗುವುದು ಕರಬಳ್ಳಿಯ ತುದಿ ಉಬ್ಬಿಕೊಳ್ಳುವ ಬಬಲ್ ಟಿಪ್ ಅನಿಮೋನ್. ಅದು ಪಾದವನ್ನು ಕಲ್ಲಿನ ಆಳವಾದ ಬಿರುಕಿನೊಳಗೆ ಊರಿ, ಮುಖವನ್ನಷ್ಟೇ ಬೆಳಕಿಗೆ ಒಡ್ಡುತ್ತದೆ. ಕಾರ್ಪೆಟ್ ಅನಿಮೋನ್‌ಗಳಲ್ಲಿ ಹ್ಯಾಡೋನಿ ಎಂಬ ಜಾತಿಗೆ ಕಲ್ಲಲ್ಲ, ಆಳವಾದ ಮರಳಿನ ಹಾಸು ಬೇಕು, ಮತ್ತು ಹತ್ತಿರ ಸುಳಿಯುವ ಮೀನನ್ನು ಅದು ಹಿಡಿದು ನುಂಗಿಬಿಡುವುದುಂಟು. ಒಂದು ಮೀಟರಿನಷ್ಟು ಅಗಲಕ್ಕೆ ಬೆಳೆಯಬಲ್ಲ ಮ್ಯಾಗ್ನಿಫಿಕ ಜಾತಿಯನ್ನು ಸಾಧಾರಣ ಮನೆಗಳಿಗೆ ತರದಿರುವುದೇ ಒಳಿತು.

ತಂದ ಅನಿಮೋನನ್ನು ಮಾಲೀಕರು ಎಲ್ಲಿ ಇಟ್ಟರೂ ಅದು ತನಗೆ ಹಿಡಿಸಿದ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ. ಪಾದಫಲಕವನ್ನು ಹಿಗ್ಗಿಸಿ ಕುಗ್ಗಿಸಿ ಇಡೀ ರಾತ್ರಿ ತೆವಳಿ, ದಾರಿಯಲ್ಲಿ ಸಿಕ್ಕ ಹವಳಗಳನ್ನೆಲ್ಲ ಕುಟುಕಿ, ಬೆಳಗಾಗುವಾಗ ಗಾಜಿನ ಮೂಲೆಗೆ ಅಂಟಿರುವುದು ಅಪರೂಪವಲ್ಲ. ಅಲೆಯೆಬ್ಬಿಸುವ ಪಂಪಿನ ಬಾಯಿಗೆ ಸಿಕ್ಕರೆ ಅದರ ಮೈ ಚೂರುಚೂರಾಗಿ, ಆ ಅವಶೇಷಗಳು ಕೊಳೆತು, ಒಂದೇ ದಿನದಲ್ಲಿ ತೊಟ್ಟಿಯ ಉಳಿದ ಜೀವಗಳಿಗೂ ಅಪಾಯ ಬರುತ್ತದೆ. ಆದ್ದರಿಂದ ಅನಿಮೋನ್ ಬರುವ ಮೊದಲೇ ಪ್ರತಿ ಪಂಪಿಗೂ ಸ್ಪಂಜಿನದೋ ಜಾಲರಿಯದೋ ಕವಚ ಹಾಕಿರಬೇಕು. ಅಂಟಿದ ಪಾದವನ್ನು ಬಲವಂತವಾಗಿ ಕೀಳಬಾರದು, ಹರಿದ ಪಾದ ಸೋಂಕಿಗೆ ತೆರೆದ ಬಾಗಿಲು.

ಬೆಳಕು ಸಾಕಷ್ಟಿದ್ದರೂ ವಾರಕ್ಕೊಂದು ಸಲ ಸಿಗಡಿಯ ಸಣ್ಣ ತುಣುಕು ಕೊಡುವುದು ಒಳ್ಳೆಯದು. ಉದ್ದನೆಯ ಇಕ್ಕಳದಿಂದ ಹಿಡಿದ ತುಣುಕು ಒಂದು ಕರಬಳ್ಳಿಗೆ ತಗುಲಿದೊಡನೆ ಅದು ಅಂಟಿಕೊಳ್ಳುತ್ತದೆ, ಪಕ್ಕದ ಬಳ್ಳಿಗಳು ಒಂದೊಂದಾಗಿ ಅದರ ಮೇಲೆ ಬಾಗುತ್ತವೆ, ಮುಖಫಲಕ ಮಡಚಿಕೊಳ್ಳುತ್ತದೆ, ಬಾಯಿ ನಿಧಾನವಾಗಿ ಹಿಗ್ಗಿ ತುಣುಕನ್ನು ಒಳಗೆಳೆದು ಮತ್ತೆ ಬಿಗಿಯಾಗಿ ಮುಚ್ಚುತ್ತದೆ. ತುಣುಕು ದೊಡ್ಡದಾದರೆ ಮರುದಿನ ಅರೆಜೀರ್ಣವಾದದ್ದನ್ನು ಉಗುಳಿಬಿಡುತ್ತದೆ. ಆಗಾಗ್ಗೆ ಅನಿಮೋನ್ ಒಳಗಿನ ಹಳೆಯ ನೀರನ್ನೂ ಕಂದು ಎಳೆಯಂಥ ತ್ಯಾಜ್ಯವನ್ನೂ ಹೊರಹಾಕಿ ಮುದುಡಿ ಬೀಳುವುದುಂಟು. ಕೆಲವು ಗಂಟೆಗಳಲ್ಲಿ ಮತ್ತೆ ಉಬ್ಬಿ ನಿಂತರೆ ಗಾಬರಿಗೆ ಕಾರಣವಿಲ್ಲ. ಬಾಯಿ ದಿನವಿಡೀ ತೆರೆದೇ ಇದ್ದು, ಪಾದದ ಹಿಡಿತ ಸಡಿಲಿ, ಮುಟ್ಟಿದರೂ ಕರಬಳ್ಳಿ ಅಂಟದೆ, ದುರ್ವಾಸನೆ ಬರತೊಡಗಿದರೆ ಅದನ್ನು ತಡಮಾಡದೆ ಹೊರತೆಗೆಯಬೇಕು. ತೊಟ್ಟಿಗೆ ಕೈಯಿಡುವಾಗಲೆಲ್ಲ ಕೈಗವಸು ಇರಲಿ. ಕೆಲವರ ಚರ್ಮಕ್ಕೆ ಈ ಕುಟುಕು ತೀವ್ರವಾಗಿ ತಾಗುತ್ತದೆ.

ಕ್ಲೌನ್ ಮೀನಿಲ್ಲದೆಯೂ ಅನಿಮೋನ್ ಚೆನ್ನಾಗಿಯೇ ಬಾಳುತ್ತದೆ. ಮೀನಿದ್ದರೆ ಲಾಭವೂ ಉಂಟು: ಅದರ ತ್ಯಾಜ್ಯ ಒಳಗಿನ ಶೈವಲಗಳಿಗೆ ಗೊಬ್ಬರವಾಗುತ್ತದೆ, ಅದರ ಓಡಾಟದಿಂದ ಕರಬಳ್ಳಿಗಳ ನಡುವೆ ಹೊಸ ನೀರು ಆಡುತ್ತದೆ. ಆದರೆ ಹೊಸದಾಗಿ ಬಂದು ಇನ್ನೂ ಚೇತರಿಸಿಕೊಳ್ಳದ ಅನಿಮೋನಿಗೆ ಮೀನಿನ ಉಜ್ಜಾಟ ಹೊರೆಯೇ ಆಗಬಹುದು. ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಕ್ಲೌನ್ ಮೀನುಗಳು ಅನಿಮೋನನ್ನು ತಿಂಗಳುಗಟ್ಟಲೆ ಕಡೆಗಣಿಸುವುದೂ ಉಂಟು.

ಇಷ್ಟೆಲ್ಲ ಸಿದ್ಧತೆಯ ಜತೆಗೆ ಅನಿಮೋನ್ ಎಲ್ಲಿಂದ ಬಂತೆಂಬ ಪ್ರಶ್ನೆಯನ್ನೂ ಕೊಳ್ಳುವ ಮುನ್ನ ಕೇಳಲೇಬೇಕು. 19ನೆಯ ಶತಮಾನದ ಮಧ್ಯದಲ್ಲಿ ಫಿಲಿಪ್ ಹೆನ್ರಿ ಗಾಸ್ ಬರೆದ ಜನಪ್ರಿಯ ಪುಸ್ತಕಗಳಿಂದ ಇಂಗ್ಲೆಂಡಿನಲ್ಲಿ ಅನಿಮೋನ್ ಸಾಕುವ ಗೀಳು ಹಬ್ಬಿದಾಗ ಜನ ಮುಗಿಬಿದ್ದು ಕಡಲತೀರದ ಬಂಡೆಗುಂಡಿಗಳನ್ನು ಬರಿದು ಮಾಡಿದ್ದನ್ನು ಅವರ ಮಗ ಎಡ್ಮಂಡ್ ಗಾಸ್ 1907ರ ತಮ್ಮ ಆತ್ಮಕಥನದಲ್ಲಿ ನೋವಿನಿಂದ ನೆನೆದಿದ್ದಾರೆ. ದೀರ್ಘಾಯುಷಿಯಾದ, ನಿಧಾನವಾಗಿ ತುಂಬಿಕೊಳ್ಳುವ ಈ ಜೀವವನ್ನು ದಿಬ್ಬದಿಂದ ಕಿತ್ತರೆ ಅಲ್ಲಿನ ಕ್ಲೌನ್ ಮೀನುಗಳೂ ಮನೆ ಕಳೆದುಕೊಳ್ಳುತ್ತವೆ. ಲಕ್ಷದ್ವೀಪ, ಅಂಡಮಾನ್, ಮನ್ನಾರ್ ಕೊಲ್ಲಿಗಳ ದಿಬ್ಬಗಳನ್ನು ಕಟ್ಟುವ ಗಟ್ಟಿ ಹವಳಗಳು 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅನಿಮೋನಿನೊಡನೆ ಅಂಥ ಹವಳದ ತುಂಡು ಅಂಟಿಕೊಂಡು ಬಂದರೂ ಅದು ಅಪರಾಧವೇ. ಬಬಲ್ ಟಿಪ್ ಅನಿಮೋನ್ ತಾನಾಗಿಯೇ ನಡುವೆ ಸೀಳಿ ಎರಡಾಗುವುದರಿಂದ ತೊಟ್ಟಿಯಿಂದ ತೊಟ್ಟಿಗೆ ಹಂಚಿಹೋದ ತಳಿಗಳು ಇಂದು ಸಿಗುತ್ತವೆ, ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ನಮ್ಮಲ್ಲೇ ರೂಢಿಸಿದೆ. ಪಕ್ವವಾದ ತೊಟ್ಟಿಯೊಂದನ್ನು ಸಿದ್ಧಮಾಡಿಕೊಂಡವರು ಹವ್ಯಾಸಿಯೊಬ್ಬರ ತೊಟ್ಟಿಯಲ್ಲಿ ಸೀಳಿ ಹುಟ್ಟಿದ, ಗಾಜಿನೊಳಗಿನ ಬಾಳಿಗೆ ಆಗಲೇ ಒಗ್ಗಿದ ಅನಿಮೋನನ್ನೇ ಕೇಳಿ ಪಡೆಯಬೇಕು. ಅದು ಮುಂದೆ ಎರಡಾದಾಗ ಒಂದನ್ನು ಅಷ್ಟೇ ಸಿದ್ಧವಾದ ಇನ್ನೊಂದು ತೊಟ್ಟಿಗೆ ಕೊಡಬೇಕು.