ಬ್ರೀಫ್‌ಕಸ್ಟನ್: ಒಂದು ಪದ, ಐದು ವಾಕ್ಯ

ಊರು ಬಿಟ್ಟು ಬಂದವನಿಗೆ ಕಾಗದದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇಂದು ಆ ಬೆಲೆಯನ್ನು ಇನ್ನೊಂದು ಬಗೆಯಲ್ಲಿ ಅರಿಯಬೇಕಾದವರೂ ನಮ್ಮಲ್ಲಿದ್ದಾರೆ. ದಾದಿಯರಾಗಿ, ಇಂಜಿನಿಯರರಾಗಿ, ಅಡುಗೆಯವರಾಗಿ ಜರ್ಮನಿಗೆ ಹೋಗಲು ಸಿದ್ಧರಾಗುತ್ತಿರುವ ನಮ್ಮ ತರುಣ ತರುಣಿಯರು ಮೊದಲು ಕಲಿಯತಕ್ಕ ಪದಗಳಲ್ಲಿ ಒಂದು ‘ಬ್ರೀಫ್‌ಕಸ್ಟನ್’. ಅರ್ಥ, ಅಂಚೆಯ ಪೆಟ್ಟಿಗೆ.

ಆಫೀಸಿನ ಗುಮಾಸ್ತ ಮಿತ್ರರು ಇದನ್ನು ತಮ್ಮ ಬ್ರೀಫ್‌ಕೇಸಿನೊಡನೆ ಬೆರೆಸಬಾರದು. ಜರ್ಮನಿನಲ್ಲಿ ‘ಬ್ರೀಫ್’ ಎಂದರೆ ಕಾಗದ, ‘ಕಸ್ಟನ್’ ಎಂದರೆ ಪೆಟ್ಟಿಗೆ. ನಮ್ಮ ಸಮಾಸದಂತೆಯೇ ಎರಡು ಪದಗಳು ಕೂಡಿ ಒಂದಾಗಿವೆ. ಬೀದಿಯಲ್ಲಿ ನಾವು ಕಾಗದ ಹಾಕುವ ಪೆಟ್ಟಿಗೆಗೂ, ಮನೆಯ ಬಾಗಿಲಲ್ಲಿ ಅಂಚೆಯವನು ಕಾಗದ ಹಾಕಿಹೋಗುವ ಪೆಟ್ಟಿಗೆಗೂ ಇದೊಂದೇ ಹೆಸರು.

ಮೊದಲನೆಯ ವಾಕ್ಯ: ‘ಡೆರ್ ಬ್ರೀಫ್‌ಕಸ್ಟನ್ ಇಸ್ಟ್ ಗೆಲ್ಪ್.’ ಅಂಚೆಯ ಪೆಟ್ಟಿಗೆ ಹಳದಿಯಾಗಿದೆ. ನಮ್ಮಲ್ಲಿ ಕೆಂಪು, ಅಲ್ಲಿ ಹಳದಿ. ‘ಡೆರ್’ ಎಂಬುದು ಪುಲ್ಲಿಂಗದ ಗುರುತು. ಕನ್ನಡದಲ್ಲಿ ಜೀವವಿಲ್ಲದ ವಸ್ತುಗಳೆಲ್ಲ ನಪುಂಸಕಲಿಂಗ, ಜರ್ಮನರಿಗೆ ಹಾಗಲ್ಲ. ಪೆಟ್ಟಿಗೆಯೂ ಕಾಗದವೂ ಗಂಡು, ಕಾರ್ಡು ಹೆಣ್ಣು, ಪಾರ್ಸೆಲು ಮಾತ್ರ ನಪುಂಸಕ! ಇದಕ್ಕೆ ಕಾರಣವನ್ನು ಕೇಳದೆ ಬಾಯಿಪಾಠ ಮಾಡುವುದೇ ಲೇಸು.

ಎರಡನೆಯದು: ‘ಇಷ್ ವೆರ್ಫೆ ಡೆನ್ ಬ್ರೀಫ್ ಇನ್ ಡೆನ್ ಬ್ರೀಫ್‌ಕಸ್ಟನ್.’ ನಾನು ಕಾಗದವನ್ನು ಪೆಟ್ಟಿಗೆಗೆ ಹಾಕುತ್ತೇನೆ. ಮೂರನೆಯದು: ‘ಡೆರ್ ಬ್ರೀಫ್ ಲೀಕ್ಟ್ ಇಮ್ ಬ್ರೀಫ್‌ಕಸ್ಟನ್.’ ಕಾಗದವು ಪೆಟ್ಟಿಗೆಯಲ್ಲಿದೆ. ಒಳಕ್ಕೆ ಹೋಗುವಾಗ ‘ಇನ್ ಡೆನ್’, ಒಳಗೆ ಇರುವಾಗ ‘ಇಮ್’. ನಾವು ‘ಪೆಟ್ಟಿಗೆಗೆ’, ‘ಪೆಟ್ಟಿಗೆಯಲ್ಲಿ’ ಎಂದು ಪದದ ಕೊನೆಯಲ್ಲಿ ತೋರಿಸುವ ವಿಭಕ್ತಿಯನ್ನು ಅವರು ಪದದ ಮುಂದೆ ತೋರಿಸುತ್ತಾರೆ. ಇಷ್ಟೇ ಭೇದ. ವಿಭಕ್ತಿಯನ್ನು ತಿಳಿದ ಕನ್ನಡಿಗನಿಗೆ ಇದು ಕಬ್ಬಿಣದ ಕಡಲೆಯಲ್ಲ.

ನಾಲ್ಕನೆಯದು: ‘ಮೈನ್ ನಾಮೆ ಷ್ಟೇಟ್ ಅಮ್ ಬ್ರೀಫ್‌ಕಸ್ಟನ್.’ ನನ್ನ ಹೆಸರು ಪೆಟ್ಟಿಗೆಯ ಮೇಲಿದೆ. ‘ನಾಮೆ’ ಎಂಬುದು ನಮ್ಮ ‘ನಾಮ’ಕ್ಕೆ ದೂರದ ನೆಂಟ. ಈ ವಾಕ್ಯವು ಸುಳ್ಳಾದರೆ ಅಲ್ಲಿ ಬಾಳುವುದು ಕಷ್ಟ. ಹಲವು ಮನೆಗಳಿರುವ ಕಟ್ಟಡದಲ್ಲಿ ಅಂಚೆಯವನು ನೋಡುವುದು ಕೋಣೆಯ ನಂಬರನ್ನಲ್ಲ, ಪೆಟ್ಟಿಗೆಯ ಮೇಲಿನ ಹೆಸರನ್ನು. ಹೆಸರಿಲ್ಲದಿದ್ದರೆ ಕಾಗದವು ಬಂದ ದಾರಿಯನ್ನೇ ಹಿಡಿಯಬಹುದು. ತೆರಿಗೆಯ ಗುರುತಿನ ಸಂಖ್ಯೆ, ಆರೋಗ್ಯವಿಮೆಯ ಕಾರ್ಡು ಮುಂತಾದುವು ಈಗಲೂ ಅಲ್ಲಿ ಅಂಚೆಯಲ್ಲೇ ಬರುತ್ತವೆ. ಮತ್ತೊಬ್ಬರ ಮನೆಯಲ್ಲಿ ಇರುವವನು ವಿಳಾಸದಲ್ಲಿ ತನ್ನ ಹೆಸರಿನ ಕೆಳಗೆ ‘ಬೈ’ ಎಂದು ಬರೆದು ಮನೆಯವರ ಹೆಸರನ್ನು ಸೇರಿಸುತ್ತಾನೆ. ಹೋಟೆಲಿನ ವಿಳಾಸಕ್ಕೆ ‘ಕೇರ್ ಆಫ್’ ಬರೆಯಿಸಿ ತಾಯಿಯ ಕಾಗದಕ್ಕಾಗಿ ಕಾದ ನಮ್ಮ ಹಿಂದಿನ ತಲೆಮಾರಿನ ಕೆಲಸಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಐದನೆಯದು: ‘ಇಷ್ ಲೇರೆ ಡೆನ್ ಬ್ರೀಫ್‌ಕಸ್ಟನ್ ಯೇಡೆನ್ ಟಾಕ್.’ ನಾನು ದಿನವೂ ಪೆಟ್ಟಿಗೆಯನ್ನು ಬರಿದು ಮಾಡುತ್ತೇನೆ. ಇದನ್ನು ಬರಿಯ ಪಾಠವೆಂದು ತಿಳಿಯಬಾರದು, ವ್ರತವೆಂದೇ ತಿಳಿಯಬೇಕು. ಜರ್ಮನ್ ಕಾಯಿದೆಯಂತೆ ಯಜಮಾನನು ನೌಕರನನ್ನು ಕೆಲಸದಿಂದ ಬಿಡಿಸುವುದಾದರೆ ಸಹಿ ಹಾಕಿದ ಕಾಗದದ ಮೂಲಕವೇ ಬಿಡಿಸಬೇಕು. ಬಾಯಿಮಾತಾಗಲಿ ಇ-ಮೇಲಾಗಲಿ ಸಾಲದು. ಆದರೆ ಆ ಕಾಗದವು ಪೆಟ್ಟಿಗೆಗೆ ಬಿದ್ದು, ಸಾಮಾನ್ಯವಾಗಿ ಜನರು ಪೆಟ್ಟಿಗೆ ತೆಗೆಯುವ ಹೊತ್ತು ಬಂದಿತೆಂದರೆ, ಓದಿರಲಿ ಬಿಡಲಿ, ತಲಪಿದಂತೆಯೇ ಲೆಕ್ಕ. ಅದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಗಲು ಅಲ್ಲಿಂದ 3 ವಾರಗಳ ಅವಧಿ ಮಾತ್ರ. ರಜೆಯಲ್ಲಿ ಊರಿಗೆ ಬಂದಿದ್ದರೂ ಸಾಮಾನ್ಯವಾಗಿ ಅವಧಿಯು ಓಡುತ್ತಲೇ ಇರುತ್ತದೆ; ತಡವಾದುದಕ್ಕೆ ಕಾರಣವನ್ನು ನ್ಯಾಯಾಲಯಕ್ಕೆ ಬೇರೆಯಾಗಿ ಒಪ್ಪಿಸಬೇಕಾಗುತ್ತದೆ. ಆದುದರಿಂದ ಊರಿಗೆ ಹೊರಡುವವನು ಕೀಲಿಕೈಯನ್ನು ನಂಬಿಕೆಯ ಸ್ನೇಹಿತನ ಕೈಗೆ ಕೊಟ್ಟು ಹೊರಡುವುದು ಜಾಣತನ.

ಈ ಪದಕ್ಕೆ ಕೆಟ್ಟ ಸಹವಾಸವೂ ಉಂಟು. ವಿಳಾಸವೊಂದನ್ನು ಬಿಟ್ಟರೆ ಬೇರೇನೂ ಇಲ್ಲದ ಪೊಳ್ಳು ಕಂಪೆನಿಗೆ ‘ಬ್ರೀಫ್‌ಕಸ್ಟನ್‌ಫಿರ್ಮಾ’ ಎನ್ನುತ್ತಾರೆ. ಗೂಢಚಾರರು ಒಬ್ಬರನ್ನೊಬ್ಬರು ನೋಡದೆ ಸಂದೇಶವನ್ನು ಇಟ್ಟು ಹೋಗುವ ಗುಪ್ತಸ್ಥಳಕ್ಕೆ ‘ಸತ್ತ ಅಂಚೆಪೆಟ್ಟಿಗೆ’ ಎಂದು ಹೆಸರು.

ಪರಭಾಷೆಯ ವ್ಯಾಕರಣಕ್ಕೆ ಅಂಜುವ ತರುಣರಿಗೆ ಒಂದು ಮಾತು. ಜರ್ಮನಿಯಿಂದ ಬಂದ ಹೆರ್ಮನ್ ಮೋಗ್ಲಿಂಗರು ಕನ್ನಡವನ್ನು ಕಲಿತು 1843ರಲ್ಲಿ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, ಕನ್ನಡದ ಮೊದಲ ಪತ್ರಿಕೆ ಅದೇ. ಫರ್ಡಿನಂಡ್ ಕಿಟ್ಟೆಲರು ವರ್ಷಗಟ್ಟಲೆ ದುಡಿದು 1894ರಲ್ಲಿ ಸುಮಾರು 70,000 ಪದಗಳ ಕನ್ನಡ ನಿಘಂಟನ್ನು ನಮಗೆ ಕೊಟ್ಟರು. ಅವರು ಅಷ್ಟು ಪದಗಳನ್ನು ಕೂಡಿಸಿರುವಾಗ, ಅವರ ನುಡಿಯ ಐದು ವಾಕ್ಯಗಳನ್ನು ನಾವು ಕಲಿಯಲಾರೆವೆ? ರಾತ್ರಿ ಹೋಟೆಲಿನ ಬಾಗಿಲು ಹಾಕಿದ ಮೇಲೆ ಅರ್ಧ ಗಂಟೆ ಸಾಕು.