ಲಂಗರಿನಲ್ಲಿ ಆಯುಷ್ಯ ಕಳೆಯುವ ನೌಕೆ

ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಮೋಟಾರನ್ನು ಮತ್ತೆ ಚಾಲೂ ಮಾಡಲು ಹೆಣಗಿದವರಿಗೆ, ಯಂತ್ರವನ್ನು ದುಡಿಮೆಗಿಂತಲೂ ಆಲಸ್ಯವೇ ಬೇಗ ಕೆಡಿಸುತ್ತದೆಂಬುದನ್ನು ಹೇಳಿ ತಿಳಿಸಬೇಕಾದುದಿಲ್ಲ. ಹೀಗಿರಲು, ಸಮರಸಾಮಗ್ರಿಯನ್ನು ಒಡಲಲ್ಲಿ ತುಂಬಿಕೊಂಡು, ಬಂದೇ ಬರುವುದೆಂಬ ನಿಶ್ಚಯವಿಲ್ಲದ ಕರೆಗಾಗಿ ವರ್ಷಗಟ್ಟಲೆ ಲಂಗರು ಹಾಕಿ ನಿಲ್ಲುವುದನ್ನೇ ಕರ್ತವ್ಯವಾಗಿ ಪಡೆದ ಹಡಗಿನ ಪಾಡು ವಿಚಾರಯೋಗ್ಯವಾದುದು.

ಅಮೆರಿಕದ ನೌಕಾಪಡೆಯು 1980ರ ದಶಕದಲ್ಲಿ ಇಂಥ 13 ಹಡಗುಗಳನ್ನು ಮೂರು ತಂಡಗಳಾಗಿ ವಿಂಗಡಿಸಿ ಬೇರೆ ಬೇರೆ ಸಾಗರಗಳಲ್ಲಿ ಇರಿಸಿತು. ಸೈನಿಕನನ್ನು ವಿಮಾನವು ಒಂದೆರಡು ದಿನದಲ್ಲಿ ಭೂಮಿಯ ಆಚೆಯ ಮಗ್ಗುಲಿಗೆ ಮುಟ್ಟಿಸೀತು. ಆದರೆ ಅವನ ಟ್ಯಾಂಕು, ಫಿರಂಗಿ, ಮದ್ದುಗುಂಡು, ಇಂಧನ, ಆಹಾರಗಳು ಸಾಗರ ದಾಟಲು ವಾರಗಳೇ ಬೇಕಾದುದರಿಂದ, ಸುಮಾರು 16,000 ಮಂದಿಗೆ 30 ದಿನ ಸಾಲುವಷ್ಟನ್ನು ಒಂದೊಂದು ತಂಡದಲ್ಲಿಯೂ ಮೊದಲೇ ಹೇರಿಟ್ಟರು. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತನ್ನು ಹೊಕ್ಕಾಗ, ಹಿಂದೂ ಮಹಾಸಾಗರದ ಡಿಯೆಗೊ ಗಾರ್ಸಿಯ ದ್ವೀಪದಲ್ಲಿದ್ದ ಹಡಗುಗಳು ಅದೇ ತಿಂಗಳ 15ರ ಹೊತ್ತಿಗೆ ಸೌದಿ ಅರೇಬಿಯದ ಜುಬೈಲ್ ಬಂದರನ್ನು ಮುಟ್ಟಿದ್ದುವು. ಕ್ಯಾಲಿಫೋರ್ನಿಯದಿಂದ ಹಾರಿಬಂದ ಸೈನಿಕರು ತಮ್ಮ ವಾಹನಗಳನ್ನು ಅಲ್ಲಿಯೇ ಏರಿದರು. (ಡಿಯೆಗೊ ಗಾರ್ಸಿಯದ ನೆಲೆಗಾಗಿ ಅಲ್ಲಿನ ನಿವಾಸಿಗಳನ್ನು 1973ರ ಹೊತ್ತಿಗೆ ಪೂರ್ತಿಯಾಗಿ ಒಕ್ಕಲೆಬ್ಬಿಸಿದ ಸಂಗತಿಯನ್ನು ಈ ದಕ್ಷತೆಯ ಪ್ರಶಂಸಕರು ಅಪರೂಪಕ್ಕೂ ನೆನೆಯುವುದಿಲ್ಲ.)

ಕಾಯುವ ಕಾಲದಲ್ಲಿ ಹಡಗಿನ ವೈರಿಯೆಂದರೆ ಗಾಳಿಯಲ್ಲಿರುವ ಉಪ್ಪು ಮತ್ತು ತೇವ. ಉಕ್ಕಿನ ಮೇಲೆ ಕುಳಿತ ಲವಣದ ಕಣವು ಗಾಳಿಯ ತೇವವನ್ನು ಹೀರಿ ತೆಳುವಾದ ದ್ರಾವಣವಾಗಿ, ಕಣ್ಣಿಗೆ ಒಣಗಿದಂತೆ ತೋರುವ ಲೋಹಕ್ಕೂ ತುಕ್ಕು ಹಿಡಿಸುವುದರಿಂದ, ವಾಹನಗಳು ಒತ್ತೊತ್ತಾಗಿ ನಿಂತಿರುವ ಒಳ ಅಂತಸ್ತುಗಳಿಗೆ ಯಂತ್ರಗಳ ಮೂಲಕ ಒಣಗಾಳಿಯನ್ನು ನಿರಂತರವಾಗಿ ಹಾಯಿಸತಕ್ಕದ್ದು. ಹೊರಮೈಗೆ, ನಿಂತ ನೀರಿನಲ್ಲಿ ಪಾಚಿಯೂ ಚಿಪ್ಪುಜೀವಿಗಳೂ ಕಚ್ಚಿಕೊಂಡು ವೇಗವನ್ನು ಕುಗ್ಗಿಸುತ್ತವೆ. ರಬ್ಬರು ಬಿರಿಯುತ್ತದೆ, ಬ್ಯಾಟರಿ ಸೊರಗುತ್ತದೆ, ಔಷಧಗಳ ಅವಧಿ ತೀರುತ್ತದೆ. ಆದುದರಿಂದ ಸರಿಸುಮಾರು ಮೂರು ವರ್ಷಗಳಿಗೊಮ್ಮೆ ಹಡಗು ಫ್ಲಾರಿಡಾದ ಜಾಕ್ಸನ್‌ವಿಲ್ಲಿನ ಬ್ಲೌಂಟ್ ದ್ವೀಪಕ್ಕೆ ಮರಳುತ್ತದೆ. ಅಲ್ಲಿ ಸಾಮಾನೆಲ್ಲ ಹೊರಬಂದು, ಪರೀಕ್ಷೆಯಾಗಿ, ದುರಸ್ತಿಗೊಂಡು, ಮೊದಲು ಬೇಕಾಗುವುದು ಬಾಗಿಲ ಬಳಿ ಬರುವಂಥ ಕ್ರಮದಲ್ಲಿ ಪುನಃ ಒಳಸೇರುತ್ತದೆ.

ಮ್ಯಾಸಚೂಸೆಟ್ಸಿನ ಕ್ವಿನ್ಸಿಯಲ್ಲಿ ಕಟ್ಟಲ್ಪಟ್ಟು 1986ರಲ್ಲಿ ಸೇವೆಗೆ ಸೇರಿದ, ಸುಮಾರು 205 ಮೀಟರ್ ಉದ್ದದ 'ಜ್ಯಾಕ್ ಲಮಸ್' ಈ ಬಗೆಯದೇ. ಜಪಾನಿನ ಐವೊ ಜಿಮಾ ದ್ವೀಪದ ಕದನದಲ್ಲಿ 1945ರಲ್ಲಿ ಮಡಿದ, ಅದಕ್ಕೆ ಮುನ್ನ ಫುಟ್‌ಬಾಲ್ ಆಟಗಾರನಾಗಿದ್ದ ತರುಣನ ಹೆಸರು ಅದಕ್ಕೆ. ಅದನ್ನು ನಡೆಸುವವರು ಯೋಧರಲ್ಲ, ನಾಗರಿಕ ನಾವಿಕರು. ಎರಡು ದಶಕಗಳ ಕಾಲ ಅದು ನೌಕಾಪಡೆಯ ಸ್ವಂತ ಆಸ್ತಿಯೂ ಆಗಿರದೆ, ಬಾಡಿಗೆಯ ಹಡಗಾಗಿತ್ತು. ಬಂದರಿಲ್ಲದೆಡೆಯಲ್ಲಿಯೂ ತನ್ನ ಕ್ರೇನುಗಳಿಂದಲೇ ಸರಕನ್ನು ತೆಪ್ಪದಂಥ ದೋಣಿಗಳಿಗೆ ಇಳಿಸಬಲ್ಲುದು. ಯುದ್ಧಕ್ಕೆಂದು ಕಲ್ಪಿಸಿದ ಈ ಸಾಮರ್ಥ್ಯವು, 2010ರ ಜನವರಿಯ ಭೂಕಂಪದಲ್ಲಿ ಹೈಟಿಯ ರಾಜಧಾನಿಯ ಬಂದರು ಕುಸಿದುಹೋದಾಗ, ಪರಿಹಾರ ಸಾಮಗ್ರಿಯನ್ನು ದಡಕ್ಕೆ ಮುಟ್ಟಿಸಲು ಒದಗಿತು. ಅದರ ದೀರ್ಘ ಸೇವೆಯಲ್ಲಿ ನಾನು ಮನಸಾರೆ ಮೆಚ್ಚುವ ಯಾನ ಅದು.